ಗುಟುಕಿಗೊಮ್ಮೆ ಆಕಾಶ ನೋಡುವ ಕೋಳಿ

ಭೂಮಿ ಇನ್ನೂ ಹಸಿಹಸಿಯಾಗಿತ್ತು ಕಣೇ ಚಂದ್ರಿ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ, ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿರಲಿಲ್ಲ. ಆಗ ಕೋಳಿಗಳು ಹಸುವಿನ ಹಾಗೆ ತಲೆ ಬಗ್ಗಿಸಿ, ದಾಹ ತೀರುವವರೆಗೂ ಒಂದೇ ಸಮನೆ ನೀರು ಕುಡಿಯುತ್ತಿದ್ದವು. ನಗಬೇಡ. ನಿಮ್ಮಜ್ಜಿ ಹೇಳುತ್ತಿರುವುದು ನಗುವ ಕಥೆಯಲ್ಲ.

ಆ ಕಾಲದಲ್ಲಿ ಕೆಂಚಿ ಅಂತ ಒಂದು ಕೋಳಿ. ಅವಳಿಗೆ ಮನೆ ತುಂಬ ಮರಿಗಳು. ಕಡೇ ಮರಿಯ ಬೆನ್ನ ಮೇಲೆ ಕಪ್ಪು ಮಚ್ಚೆ ಇತ್ತು, ಅದಕ್ಕೇ ಅದನ್ನು ಚುಕ್ಕಿ ಅಂತ ಕರೆಯುತ್ತಿದ್ದಳು. ಚುಕ್ಕಿ ಅಂದರೆ ಅವಳಿಗೆ ಪಂಚಪ್ರಾಣ.

ಅವರು ನೀರು ಕುಡಿಯುವ ಗುಂಡಿಯ ಮೇಲೆ, ದಿನಾ ಬಿಸಿಲೇರುವ ಹೊತ್ತಿಗೆ ಒಂದು ಹದ್ದು ಸುತ್ತುತ್ತಿತ್ತು. ಪಕ್ಕದ ಜಾಲಿ ಮರದಲ್ಲಿ ಕಾಜಾಣ ಹಕ್ಕಿ ಇದ್ದ. ಹದ್ದು ಕಂಡ ಕೂಡಲೇ ಕೂಗುತ್ತಿದ್ದ.

"ಕೆಂಚಕ್ಕಾ, ಹದ್ದು! ಮಕ್ಕಳನ್ನ ಕರ್ಕೊಂಡು ಓಡು!"

ಮೊದಮೊದಲು ಕೆಂಚಿ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದಳು. ಮುಳ್ಳಿನ ಮೆಳೆಯೊಳಗೆ ಮರಿಗಳನ್ನು ನುಗ್ಗಿಸಿ ನಡುಗುತ್ತಾ ಕೂರುತ್ತಿದ್ದಳು. ಹದ್ದು ಸುತ್ತುತ್ತಿತ್ತು, ಹೋಗುತ್ತಿತ್ತು. ಮಾರನೇ ದಿನವೂ ಸುತ್ತುತ್ತಿತ್ತು, ಹೋಗುತ್ತಿತ್ತು.

ಕೆಂಚಿಗೆ ಸಾಕಾಯಿತು. ಓಡುವುದು ಬಿಟ್ಟು ನಡೆದಳು. ನಡೆಯುವುದು ಬಿಟ್ಟು ನಿಂತಳು. ಕೊನೆಕೊನೆಗೆ ಏನು ಮಾಡಿದಳು ಗೊತ್ತಾ? ಹದ್ದಿನ ನೆರಳು ಗುಂಡಿಯ ಮೇಲೆ ಬಿದ್ದರೆ, "ಬನ್ರೋ ಮಕ್ಕಳಾ, ನೀರು ಕುಡಿಯೋ ಹೊತ್ತಾಯ್ತು" ಅಂತ ತಾನೇ ಕರೆಯತೊಡಗಿದಳು! ಅಯ್ಯೋ ನನ್ನ ತಾಯಿ, ಹದ್ದನ್ನೇ ಗಡಿಯಾರ ಮಾಡಿಕೊಂಡುಬಿಟ್ಟಳು.

"ಅಕ್ಕಾ, ಇದು ಸರಿಯಲ್ಲ" ಅಂದ ಕಾಜಾಣ.

"ನಿಂದೊಂದು ದಿನಾ ಇದ್ದದ್ದೇ ಕಣಪ್ಪ. ಇಷ್ಟು ದಿನದಲ್ಲಿ ಒಂದು ಸಲನಾದ್ರೂ ಕೆಳಗೆ ಬಂದಿದೆಯಾ? ಸುಮ್ಮನೆ ಮಕ್ಕಳನ್ನ ಹೆದರಿಸಬೇಡ" ಅಂದಳು ಕೆಂಚಿ.

ಕಾಜಾಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಜಾಲಿ ಮರ ಬಿಟ್ಟು ಹೋದ.

ಮಾರನೇ ದಿನವೂ ಗುಂಡಿಯ ಮೇಲೆ ನೆರಳು ಬಿತ್ತು. ಕೆಂಚಿ ಕರೆದಳು. ಎಲ್ಲರೂ ಬಂದು ತಲೆ ಬಗ್ಗಿಸಿದರು.

"ಅವ್ವಾ, ಇವತ್ತು ನೆರಳು ಯಾಕೆ ಕಪ್ಪಗಾಗ್ತಾ ಇದೆ?" ಅಂತು ಚುಕ್ಕಿ.

"ಏನಿಲ್ಲ ಮಗಾ, ಕುಡಿ" ಅಂದಳು ಕೆಂಚಿ. ಕತ್ತೆತ್ತಲೂ ಇಲ್ಲ.

ಭರ್ರನೆ ಗಾಳಿ ಬೀಸಿತು. ನೀರು ಕಲಕಿತು. ಕೆಂಚಿ ತಲೆ ಎತ್ತುವಷ್ಟರಲ್ಲಿ ಚುಕ್ಕಿಯ ಕೂಗು ಮೇಲಿನಿಂದ ಕೇಳುತ್ತಿತ್ತು.

ಕೆಂಚಿ ಓಡಿದಳು. ಹಾರಿದಳು, ಬಿದ್ದಳು, ಮತ್ತೆ ಹಾರಿದಳು. ಕೋಳಿಯ ರೆಕ್ಕೆ ಎಷ್ಟು ಎತ್ತರ ಹೋದೀತು ಹೇಳು?

"ಕೊಟ್ಟುಬಿಡಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ! ಬೇಕಾದ್ರೆ ನನ್ನನ್ನ ತಗೋ!"

"ನಾನೇನು ಕದ್ದುಮುಚ್ಚಿ ಬಂದೆನಾ ಕೆಂಚಿ? ದಿನಾ ನಿನ್ನ ಕಣ್ಣೆದುರಿಗೇ ಇದ್ದೆನಲ್ಲ" ಅಂತು ಹದ್ದು.

ಚುಕ್ಕಿಯ ಕೂಗು ಸಣ್ಣಗಾಯಿತು. ಆಮೇಲೆ ಕೇಳಿಸಲೇ ಇಲ್ಲ.

ಕೆಂಚಿ ಗುಂಡಿಯ ಪಕ್ಕ ಕೂತುಬಿಟ್ಟಳು. ಕಾಳು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಸುದ್ದಿ ಕೇಳಿ ಕಾಜಾಣ ಬಂದ. ಹತ್ತಿರ ಕೂತ.

ಉಳಿದ ಮರಿಗಳು ಬಾಯಾರಿ ಅತ್ತವು. ಅವ್ವ ಕುಡಿಯದೆ ಅವೂ ಕುಡಿಯವು. ಕೊನೆಗೆ ಕೆಂಚಿ ಒಂದು ಗುಟುಕು ಬಾಯಿಗೆ ತಗೊಂಡಳು. ಗಂಟಲಲ್ಲಿ ದುಃಖ ಅಡ್ಡ ನಿಂತಿತ್ತು, ನೀರು ಇಳಿಯಲಿಲ್ಲ. ತಲೆ ಎತ್ತಿ ಆಕಾಶ ನೋಡಿದಳು. ಅಲ್ಲಿ ಹದ್ದೂ ಇಲ್ಲ, ಚುಕ್ಕಿಯೂ ಇಲ್ಲ. ಆಗ ಆ ಗುಟುಕು ಇಳಿಯಿತು. ಇನ್ನೊಂದು ಗುಟುಕು ತಗೊಂಡಳು, ಮತ್ತೆ ಮೇಲೆ ನೋಡಿದಳು. ಮರಿಗಳೂ ಅವ್ವನನ್ನು ನೋಡಿ ಹಾಗೇ ಕುಡಿದವು.

ಚುಕ್ಕಿ ವಾಪಸ್ ಬಂತಾ ಅಂತ ಕೇಳಬೇಡ ಚಂದ್ರಿ. ಬರಲಿಲ್ಲ. ಎಷ್ಟು ನೋಡಿದರೂ ಬರಲಿಲ್ಲ.

ಅದಕ್ಕೇ ಕಣೇ, ನಮ್ಮ ಹಿತ್ತಲಲ್ಲಿ ನಿನ್ನೆಯಷ್ಟೇ ಮೊಟ್ಟೆಯೊಡೆದು ಬಂದ ಮರಿ ಕೂಡ, ಯಾರೂ ಹೇಳಿಕೊಡದೆ, ಒಂದು ಗುಟುಕು ಕುಡಿದು ಒಂದು ಸಲ ಆಕಾಶ ನೋಡುತ್ತದೆ.