ಹೊಳೆಯಾಚೆಯ ಅಡುಗೆಮನೆ

ಮಲಪ್ರಭೆಯ ದಡದ ಆಶ್ರಮವೊಂದರಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯರಲ್ಲೊಬ್ಬ ಇಂದುಧರ. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹನ್ನೊಂದು ಆಸ್ಪತ್ರೆಗಳ ರೋಗಿಗಳ ವಿವರವೆಲ್ಲ ಆ ಯಂತ್ರಗಳಲ್ಲಿತ್ತು.

ಒಂದು ಬೆಳಿಗ್ಗೆ ಅವನು ದಪ್ಪನೆಯ ಕಡತ ಹಿಡಿದು ಬಂದ. ನಮಸ್ಕರಿಸಿ ಕೂತ.

"ಏನಾಯಿತು?" ಎಂದರು ಗುರುಗಳು.

"ಹೋದ ತಿಂಗಳು ಸರ್ವರ್ ಕೋಣೆಯ ಮೇಲಿನ ನೀರಿನ ಪೈಪು ಒಡೆಯಿತು. ಯಂತ್ರಗಳು ನೆನೆದು ನಿಂತುಹೋದವು. ಇಡೀ ಒಂದು ದಿನ ಡಾಕ್ಟರುಗಳಿಗೆ ಯಾವ ರೋಗಿಯ ವಿವರವೂ ಸಿಗಲಿಲ್ಲ. ಒಬ್ಬ ತಾಯಿಗೆ ಅವರ ಮೈಗೆ ಆಗದ ಇಂಜೆಕ್ಷನ್ ಕೊಟ್ಟುಬಿಟ್ಟರು."

"ಉಳಿದರೇ?"

"ಉಳಿದರು. ಐದು ದಿನ ಐಸಿಯುನಲ್ಲಿದ್ದರು. ನಾನು ದಿನವೂ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ."

ಇಂದುಧರ ಕಡತವನ್ನು ಮುಂದಿಟ್ಟ.

"ಬೇರೊಂದು ಊರಲ್ಲಿ ಇನ್ನೊಂದು ಜೊತೆ ಯಂತ್ರಗಳನ್ನು ಇಡಬೇಕು. ಇಲ್ಲಿ ಏನಾದರೂ ಆದರೆ ಅಲ್ಲಿಂದ ಕೆಲಸ ನಡೆಯಬೇಕು. ಅದಕ್ಕೆ ಯೋಜನೆ ಬರೆದಿದ್ದೇನೆ. ಆದರೆ ಯಾವ ಊರು? ಹತ್ತಿರವಾದರೆ ಇಲ್ಲಿ ಸುರಿದ ಮಳೆ ಅಲ್ಲೂ ಸುರಿಯುತ್ತದೆ. ಸಮುದ್ರದ ಕಡೆ ಹೋದರೆ ಚಂಡಮಾರುತ. ಯೋಚಿಸಿದಷ್ಟೂ ತಲೆ ಕೆಡುತ್ತಿದೆ. ಏನೂ ಆಗದ ಜಾಗ ಯಾವುದು, ಗುರುಗಳೇ?"

ಗುರುಗಳು ಕಡತವನ್ನು ತೆರೆಯಲಿಲ್ಲ.

"ನಮ್ಮ ಅಡುಗೆಮನೆ ಈಗಷ್ಟೇ ಸುಟ್ಟುಹೋಯಿತು," ಎಂದರು.

ಇಂದುಧರ ಗಾಬರಿಯಿಂದ ತಿರುಗಿ ನೋಡಿದ. ಅಡುಗೆಮನೆ ಇದ್ದಲ್ಲೇ ಇತ್ತು. ಒಳಗಿನಿಂದ ಒಗ್ಗರಣೆಯ ಘಮ ಬರುತ್ತಿತ್ತು.

"ಇದೆಯಲ್ಲ, ಗುರುಗಳೇ?"

"ಇಲ್ಲ. ಗುರುಬಸವ್ವನೂ ಇಲ್ಲ."

ಗುರುಬಸವ್ವ ಇಪ್ಪತ್ತಾರು ವರ್ಷದಿಂದ ಆಶ್ರಮದ ಅಡುಗೆ ಮಾಡುತ್ತಿದ್ದವಳು. ಗುರುಗಳು ಅವಳನ್ನು ಹೊರಗೆ ಕರೆದು ಕಟ್ಟೆಯ ಮೇಲೆ ಕೂರಿಸಿದರು. ಇಂದು ಏನೂ ಹೇಳಿಕೊಡಬಾರದು ಎಂದರು. ಒಲೆ ಆರಿಸಿ ಬಾಗಿಲು ಹಾಕಿಸಿದರು.

"ಹೊಳೆಯಾಚೆ ಇನ್ನೊಂದು ಅಡುಗೆಮನೆ ಇದೆ. ಪ್ರವಾಹ ಬಂದ ವರ್ಷ ಕಟ್ಟಿಸಿದ್ದು. ಪಾತ್ರೆ, ಸೌದೆ, ದವಸ, ಎಲ್ಲ ಇದೆ. ಮಾಡುವ ಬಗೆಯನ್ನು ಗೋಡೆಯ ಮೇಲೆ ಬರೆಸಿದ್ದೇನೆ. ಮಧ್ಯಾಹ್ನ ನಲವತ್ತು ಮಂದಿಗೆ ಊಟವಾಗಬೇಕು. ಹೊರಡು."

"ನಾನು ಕೇಳಿದ್ದು ಸರ್ವರ್ ವಿಷಯ..."

"ಹೊತ್ತಾಗುತ್ತಿದೆ."

ಇಂದುಧರ ಇನ್ನಿಬ್ಬರು ಶಿಷ್ಯರನ್ನು ಕರೆದುಕೊಂಡು ದೋಣಿ ಹತ್ತಿದ. ಅಲ್ಲಿ ಎಲ್ಲವೂ ಇತ್ತು. ಬೇಳೆಗೆ ಹುಳ ಕೂಡ ಬಿದ್ದಿರಲಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನೀರು ಬೇಕಾದಷ್ಟು. ಉಪ್ಪು ದಿನದಂತೆ. ಮಾಸ್ತರರಿಗೆ ಬೇರೆ.

ಬೇಕಾದಷ್ಟು ಎಂದರೆ ಎಷ್ಟು? ದಿನದಂತೆ ಎಂದರೆ? ಮೂವರೂ ಮುಖ ಮುಖ ನೋಡಿಕೊಂಡರು. ಮಾಸ್ತರರೆಂದರೆ ಆಶ್ರಮದಲ್ಲೇ ಇದ್ದ ಮುದುಕರು, ಚೆನ್ನವೀರಪ್ಪ. ಅವರಿಗೆ ಏನು ಬೇರೆ? ತಟ್ಟೆಯೋ, ಚಾಪೆಯೋ? ತುಂಬ ಯೋಚಿಸಿ, ಅವರಿಗೆ ಬೇರೆ ಚಾಪೆ ಹಾಸಿದರು.

ಮೊದಲ ಅನ್ನ ಮುದ್ದೆಯಾಯಿತು. ಎರಡನೆಯದು ಸೀಯಿತು. ಮೂರು ಗಂಟೆಗೆ ಎಲ್ಲರೂ ಹೊಳೆ ದಾಟಿ ಬಂದು ಊಟಕ್ಕೆ ಕೂತರು.

ಮಾಸ್ತರರು ಸಾರು ಕಲಸಿ ತುತ್ತು ಎತ್ತಿದರು. ಮೂಲೆಯಲ್ಲಿ ಕೂತಿದ್ದ ಗುರುಬಸವ್ವ ಎದ್ದು ಓಡಿ ಬಂದಳು. ಅವರ ಕೈ ಹಿಡಿದುಬಿಟ್ಟಳು.

"ಬ್ಯಾಡ್ರೀ ಅಜ್ಜಾರ, ಉಪ್ಪೈತಿ ಇದ್ರಾಗ!"

ಮಾಸ್ತರರ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಗಿತ್ತು. ಅವರ ಸಾರಿಗೆ ಉಪ್ಪು ಹಾಕುವಂತಿರಲಿಲ್ಲ. ಅದು ಗುರುಬಸವ್ವನಿಗೆ ಗೊತ್ತಿತ್ತು. ಗೋಡೆಗೆ ಗೊತ್ತಿರಲಿಲ್ಲ.

ಇಂದುಧರ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ. ಐಸಿಯುನ ಬಾಗಿಲು ಕಣ್ಣ ಮುಂದೆ ಬಂತು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಗುರುಗಳು ಬಂದು ಪಕ್ಕದಲ್ಲಿ ಕೂತರು.

"ಅಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ," ಎಂದ ಇಂದುಧರ. "ಎಲ್ಲ ಇತ್ತು."

"ಹೌದು, ಇತ್ತು."

"ಬೆಳಿಗ್ಗೆ ಯಾವ ಊರು ಎಂದು ಕೇಳಿದ್ದೆ. ಈಗ ಏನು ಕೇಳಬೇಕೆಂದೇ ತಿಳಿಯುತ್ತಿಲ್ಲ."

"ಹಾಗಾದರೆ ನಿನ್ನ ಊರಿಗೆ ಹೋಗು," ಎಂದರು ಗುರುಗಳು.

ಅವನು ಮತ್ತೆ ಬಂದದ್ದು ಎಂಟು ತಿಂಗಳ ಮೇಲೆ. ಕೈಯಲ್ಲಿ ಕಡತವಿರಲಿಲ್ಲ.

"ಕಲಬುರಗಿಯಲ್ಲಿ ಯಂತ್ರಗಳನ್ನಿಟ್ಟೆವು," ಎಂದ. "ಆಸ್ಪತ್ರೆಗಳಿಗೆ ಮೊದಲೇ ಹೇಳಿ, ರೋಗಿಗಳ ಬೇಕಾದ ವಿವರವನ್ನು ಕಾಗದದಲ್ಲಿ ಬರೆದಿಡಿಸಿ, ಒಂದು ಭಾನುವಾರ ಹುಬ್ಬಳ್ಳಿಯ ಯಂತ್ರಗಳನ್ನು ನಾನೇ ಆರಿಸಿದೆ. ನನ್ನ ಜೊತೆ ಫರ್ಜಾನಾ ಎಂಬ ಹುಡುಗಿ ಕೆಲಸ ಮಾಡುತ್ತಾಳೆ, ಸೇರಿ ಎರಡು ವರ್ಷವಾಗಿದೆ. ಇವತ್ತು ನಾನಿಲ್ಲ ಅಂದುಕೊಂಡು ಕಲಬುರಗಿಯಿಂದ ಎಲ್ಲ ನಡೆಸಮ್ಮಾ, ಎಂದೆ."

"ನಡೆಸಿದಳೇ?"

"ಒಂಬತ್ತು ಗಂಟೆ ಹಿಡಿಯಿತು. ಒಂದು ಪಾಸ್‌ವರ್ಡ್ ನನ್ನ ತಲೆಯಲ್ಲಿ ಮಾತ್ರ ಇತ್ತು, ಗುರುಗಳೇ. ಅದು ನನಗೂ ಹೊಳೆದಿರಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ಹಾಗೇ ಮಾಡಿದೆವು. ತಪ್ಪಿದ್ದನ್ನೆಲ್ಲ ಅವಳೇ ಬರೆದಿಟ್ಟಳು."

"ಆಮೇಲೆ?"

"ಹೋದ ವಾರ ಹುಬ್ಬಳ್ಳಿಯ ಸರ್ವರ್ ಕೋಣೆಗೆ ನಿಜವಾಗಿಯೂ ಬೆಂಕಿ ಬಿತ್ತು. ನಾನು ಬಸ್ಸಿನಲ್ಲಿದ್ದೆ. ಸುದ್ದಿ ಕೇಳಿ ನಿಲ್ದಾಣದಿಂದ ಓಡಿದೆ. ಯಾರಿಗೂ ಪೆಟ್ಟಾಗಿರಲಿಲ್ಲ. ಕೋಣೆ ಪೂರ್ತಿ ಕರಕಲಾಗಿತ್ತು. ಫರ್ಜಾನಾ ಎದುರಿನ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದಳು. ಅರ್ಧ ಗಂಟೆಯಲ್ಲಿ ಎಲ್ಲ ಕಲಬುರಗಿಯಿಂದ ನಡೆಯತೊಡಗಿತ್ತು. ಯಾವ ರೋಗಿಗೂ ತೊಂದರೆಯಾಗಲಿಲ್ಲ."

"ಒಳ್ಳೆಯದಾಯಿತಲ್ಲ?"

"ಆಯಿತು." ಇಂದುಧರ ಹೊಳೆಯ ಕಡೆ ನೋಡಿದ. "ನನ್ನ ಫೋನ್ ತೆಗೆದು ನೋಡಿದೆ. ಅವಳು ಒಂದು ಸಲವೂ ನನಗೆ ಕರೆ ಮಾಡಿರಲಿಲ್ಲ."

ಗುರುಗಳು ಅವನತ್ತ ತಿರುಗಿ ಕೂತರು.

"ಇದಕ್ಕಾಗಿಯೇ ಎಂಟು ತಿಂಗಳು ಕಷ್ಟಪಟ್ಟೆ. ಆದರೂ ಎದೆಯಲ್ಲಿ ಏನೋ ಖಾಲಿಯಾದ ಹಾಗಿದೆ. ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯುತ್ತಿಲ್ಲ. ಯಾವುದು ಸರಿ, ಗುರುಗಳೇ? ನೀವೇ ಹೇಳಬೇಕು."

ನಿರ್ವಾಣಯ್ಯನವರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನೀನು ನನ್ನನ್ನು ಏನೂ ಕೇಳದ ದಿನ ಬರಲಿ. ಆಗ ಹೇಳುತ್ತೇನೆ."