ಕೀಳದ ಹೂವಿನ ಗುಡ್ಡ

ಬಿಳಿಕಲ್ಲಹಟ್ಟಿಯ ಗುಡ್ಡದ ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮತ್ತೆ ಕರಿಬಸಮ್ಮ. ಗುಡ್ಡವೆಂದರೆ ನೋಡಲು ಅಂಥದ್ದೇನಿಲ್ಲ. ಮರವಿಲ್ಲ, ಗುಡಿಯಿಲ್ಲ, ಕೋಟೆಯಂತೂ ಇಲ್ಲವೇ ಇಲ್ಲ. ಕಾಲಿಟ್ಟರೆ ಜಾರುವ ಗರಸಿನ ಇಳಿಜಾರು, ಅಲ್ಲಲ್ಲಿ ಒಣಹುಲ್ಲು. ಮಳೆಗಾಲದ ಕೊನೆಗೆ ಮಾತ್ರ ಆ ಗರಸಿನ ನಡುವೆ ಕೊತ್ತಂಬರಿ ಕಾಳಿನಷ್ಟು ಪುಟ್ಟದೊಂದು ನೀಲಿ ಹೂ ಅರಳುತ್ತದೆ. ಸುತ್ತಲಿನ ಬೇರೆ ಗುಡ್ಡಗಳಲ್ಲಿ ಹುಡುಕಿದರೂ ಸಿಗದು. ಹೂವಿಗೆ ಊರವರು ಹೆಸರಿಟ್ಟಿಲ್ಲ. ಗುಡ್ಡವನ್ನು ಮಾತ್ರ ಕೀಳದ ಹೂವಿನ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಟ್ಟಿಯವರೆಲ್ಲ ಕುರಿ ಸಾಕಿಕೊಂಡಿದ್ದ ಕಾಲದಲ್ಲಿ, ಆಣೆ ಮಾಡಿಸಲು ಈ ಹೂವೇ ಬೇಕಾಗಿತ್ತಂತೆ. ತಪ್ಪು ಹೊತ್ತವರು ಗುಡ್ಡ ಹತ್ತಿ, ತಮ್ಮ ಮಾತು ಹೇಳಿ, ಒಂದು ಹೂ ಕಿತ್ತು ಅಂಗೈಯಲ್ಲಿ ಚಾವಡಿಗೆ ತರಬೇಕು. ಹೂ ನಳನಳಿಸುತ್ತಿದ್ದರೆ ಮಾತು ನಿಜ, ಬಾಡಿದ್ದರೆ ಸುಳ್ಳು. ಆ ಹೂವೋ, ಕಿತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುದುರಿಕೊಳ್ಳುವಂಥದು. ಹೀಗಾಗಿ ಹಟ್ಟಿಯಲ್ಲಿ ತಲೆಮಾರುಗಳಿಂದ ಒಬ್ಬ ನಿರಪರಾಧಿಯೂ ಸಿಕ್ಕಿರಲಿಲ್ಲ. ನಮ್ಮ ನ್ಯಾಯ ಬಲು ಕರಾರುವಾಕ್ಕು ಎಂದು ಎಲ್ಲರಿಗೂ ಹೆಮ್ಮೆ.

ಮಾಳವ್ವ ಎಂಬ ವಿಧವೆ ದೇವರಿಗೆ ಬಿಟ್ಟ ಟಗರನ್ನು ಮೇಯಿಸುತ್ತಿದ್ದಳು. ಒಂದು ಸಂಜೆ ಟಗರು ಹಿಂದಿರುಗಲಿಲ್ಲ. ತೋಳ ಹೊತ್ತೊಯ್ದಿತು ಎಂದಳು ಅವಳು. ಸಂತೆಯಲ್ಲಿ ಮಾರಿಕೊಂಡಳು ಎಂದಿತು ಊರು. ಆಣೆಯಲ್ಲಿ ಸೋತರೆ ಎಳೆಮಗಳನ್ನು ಕಟ್ಟಿಕೊಂಡು ಹಟ್ಟಿ ಬಿಟ್ಟು ಹೋಗಬೇಕು. ಚಾವಡಿಗೆ ಕರೆಸಿದಾಗ ಅವಳು ಅಳಲಿಲ್ಲವಂತೆ.

"ಹೂ ಕೀಳ್ತೀನಿ ಗೌಡ್ರೇ. ಅದ್ಕೂ ಮುಂಚೆ ನೀವೊಂದು ಕಿತ್ಕಂಡು ಬರ್ರಿ."

"ನಾನ್ಯಾವ ಟಗರು ಕದ್ದಿದೀನಮ್ಮ?"

"ಟಗರಿನ ಮಾತು ಬ್ಯಾಡ. ನಾನು ಗಿರಿಯಣ್ಣ, ಈ ಹಟ್ಟಿ ಗೌಡ ಅಂತ ಹೇಳಿ ಕಿತ್ಕಂಡು ಬರ್ರಿ, ಸಾಕು."

ಗೌಡ ನಕ್ಕು ಎದ್ದ. ಹಟ್ಟಿಗೆ ಹಟ್ಟಿಯೇ ಹಿಂದೆ ಹೋಯಿತು. ಅವನು ಗುಡ್ಡದ ಮೇಲೆ ಎಲ್ಲರಿಗೂ ಕೇಳುವಂತೆ ತನ್ನ ಹೆಸರು ಕೂಗಿ, ಹೂ ಕಿತ್ತು, ಬೇಗಬೇಗ ಇಳಿದು ಬಂದು ಚಾವಡಿಯಲ್ಲಿ ಅಂಗೈ ಬಿಚ್ಚಿದ. ಒಂದು ಕರಿ ನೂಲಿನೆಳೆ ಇದ್ದಂತಿತ್ತು, ಅಷ್ಟೆ. ಹಿಂದಿನಿಂದ ಗೌಡನ ಹೆಂಡತಿ ಕೇಳಿದಳು: "ಹಂಗಾರೆ ನಾನು ಇಷ್ಟು ವರ್ಷ ಯಾರಿಗೆ ರೊಟ್ಟಿ ಬಡ್ದೆ?"

ಊರು ನಕ್ಕಿತು. ಗೌಡ ನಗಲಿಲ್ಲ. ಈ ಹೂವಿನ ಮಾತು ಕೇಳಿ ತಾನೂ ತನ್ನ ಅಪ್ಪನೂ ಹಟ್ಟಿ ಬಿಡಿಸಿದವರ ಮುಖಗಳು ಅವನಿಗೆ ಒಂದೊಂದಾಗಿ ನೆನಪಾದವು ಎನ್ನುತ್ತಾರೆ. ಆಮೇಲೆ, "ಮನೆಗೆ ಹೋಗು ಮಾಳವ್ವ, ಮಗು ಕಾಯ್ತದೆ" ಎಂದ. ಆ ಹೂವನ್ನು ಇನ್ನು ಯಾರೂ ಕೀಳಕೂಡದೆಂದು ಸಾರಿಸಿದ. ಊರು ಬಿಟ್ಟವರಿಗೆಲ್ಲ ಹೇಳಿ ಕಳಿಸಿದ. ಕೆಲವರು ಬಂದರು, ಕೆಲವರು ಬರಲಿಲ್ಲ.

ಟಗರನ್ನು ತೋಳವೇ ಒಯ್ದದ್ದು ನಿಜವೇ ಎಂದು ನಾನು ಕೇಳಿದ್ದೆ. "ತೋಳ ಸಿಕ್ಕಾಗ ಕೇಳು" ಎಂದರು ಅತ್ತೆ.

ಈಗಲೂ ಹೋದವರಿಗೆ ಇಳಿಜಾರಿನ ತುಂಬ ಬೊಗಸೆಯಗಲದ ಕಲ್ಲಿನ ಬಳೆಗಳು ಕಾಣುತ್ತವೆ. ಗಿಡ ಕಂಡವರು ಅದರ ಸುತ್ತ ಗರಸಿನ ಹರಳು ಜೋಡಿಸಿ ಬರುತ್ತಾರೆ, ತುಳಿಯದಿರಲೆಂದು. ಹಟ್ಟಿಗೆ ಮರಳಿ ಬಾರದವರ ಹೆಸರಲ್ಲಿ ಅದನ್ನು ಮೊದಲು ಜೋಡಿಸಿದವನು ಗೌಡನೇ ಅಂತೆ. ನೀವು ಹೋದರೆ ಒಂದು ಹರಳಿಡಿ. ಜೊತೆಗೆ ಬಂದವರು ಯಾಕೆಂದು ಕೇಳಿದರೆ ಅವರಿಗೂ ಇದನ್ನು ಹೇಳಿ.