ಬುತ್ತಿ ಇಡುವ ಜಾಗ

"ಪುರುಸೊತ್ತು ಎಂಬ ಅರ್ಥವಿದ್ದ ಒಂದು ಪದ ಬರಿದು ಎಂಬ ಅರ್ಥಕ್ಕೆ ಬಂದು ನಿಲ್ಲುವುದು ಹೇಗೆ, ಅಜ್ಜಾರೇ?" ಎಂದು ಕಲ್ಲಿನಾಥ ಗುರುಗಳನ್ನು ಕೇಳಿದ.

ಮಠಕ್ಕೆ ಬರುವ ಮೊದಲು ಅವನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಎಂಪ್ಟಿ ಎಂಬ ಪದದ ಹುಟ್ಟನ್ನು ಗುರುಗಳಿಗೆ ಬಿಡಿಸಿ ಹೇಳಿದ. ಸಾವಿರ ವರ್ಷದ ಹಿಂದೆ ಅದು ಕೆಲಸದ ಹೊರೆಯಿಲ್ಲದವನಿಗೆ, ಪುರುಸೊತ್ತಿದ್ದವನಿಗೆ ಹೇಳುವ ಪದವಾಗಿತ್ತು. ಮದುವೆಯ ಕಟ್ಟಿಲ್ಲದವರಿಗೂ ಅದನ್ನೇ ಹೇಳುತ್ತಿದ್ದರು. ಬರಬರುತ್ತ ಆ ಅರ್ಥಗಳು ಬಿದ್ದುಹೋಗಿ, ಒಳಗೇನೂ ಇಲ್ಲದ್ದು ಎಂಬ ಅರ್ಥವೊಂದೇ ಉಳಿಯಿತು. ಪದಕ್ಕೆ ಅಷ್ಟು ಕಾಲ ಹಿಡಿದ ದಾರಿಯನ್ನು ತಾನು ಹೆಂಡತಿ ತೀರಿದ ಒಂದೇ ವರ್ಷದಲ್ಲಿ ನಡೆದುಬಿಟ್ಟೆ ಎಂದ. ಆಕೆ ಇದ್ದಾಗ ಪುರುಸೊತ್ತಿಲ್ಲವೆಂದು ಗೊಣಗುತ್ತಿದ್ದ. ಈಗ ಪುರುಸೊತ್ತೋ ಪುರುಸೊತ್ತು.

ಅವನ ಜೋಳಿಗೆಯಲ್ಲಿ ಆಕೆಯ ಕನ್ನಡಕವೊಂದು ಉಳಿದಿತ್ತು. ಮಿಕ್ಕದ್ದನ್ನೆಲ್ಲ ಯಾರುಯಾರಿಗೋ ಕೊಟ್ಟಿದ್ದ. ಇದನ್ನೂ ಹೊಳೆಗೆ ಬಿಟ್ಟರೆ ಪೂರ್ತಿ ಬರಿದಾಗಿ ನೆಮ್ಮದಿಯಿಂದ ಇರಬಹುದೆಂದು ನಂಬಿ, ಅಪ್ಪಣೆ ಬೇಡಲು ಬಂದಿದ್ದ.

ಗುರುಗಳಿಗೆ ಈ ಮಾತು ಹಿಡಿಸಲಿಲ್ಲ. ಇಂಗ್ಲಿಷರ ಪದವನ್ನು ಇಂಗ್ಲಿಷರನ್ನೇ ಕೇಳು, ನನಗೆ ಮಣ್ಣಿನ ಸಂಗತಿ ಒಂದಿಷ್ಟು ಗೊತ್ತು, ಬೇಕಾದರೆ ಅದನ್ನು ಹೇಳುತ್ತೇನೆ ಎಂದು ಶುರುಮಾಡಿದರು.

ಒಬ್ಬ ಮಣ್ಣು ಅಗೆಯುವವನಿದ್ದ. ಕೆರೆ, ಹೊಂಡ ತೋಡುವುದು ಅವನ ಕಸುಬು. ಅವನು ಅಗೆಯುತ್ತಿದ್ದ, ಹೆಂಡತಿ ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಳು. ಒಂದು ಊರಿನ ಗೌಡ ಅವರನ್ನು ಕರೆಸಿ ಕೆರೆ ತೋಡಲು ಹೇಳಿದ.

ಮಣ್ಣು ಅಗೆಯುವವರಲ್ಲಿ ಒಂದು ರೂಢಿ ಇದೆ. ಅಗೆಯುವ ಜಾಗದ ನಡುವೆ ಒಂದು ಕಂಬದಷ್ಟು ನೆಲವನ್ನು ಮುಟ್ಟದೆ ಬಿಡುತ್ತಾರೆ. ಸುತ್ತಲಿನ ನೆಲ ಇಳಿದಂತೆಲ್ಲ ಆ ಮಣ್ಣಿನ ಕಂಬ ಎದ್ದು ನಿಲ್ಲುತ್ತದೆ. ಎಷ್ಟು ಆಳ ತೋಡಿದರೆಂದು ಅಳೆಯುವುದು ಅದರಿಂದಲೇ. ಹೋದ ಮಣ್ಣನ್ನು ಹೇಗೆ ಅಳೆಯುವುದು? ಉಳಿದದ್ದನ್ನೇ ಅಳೆಯಬೇಕು. ಅಳತೆ ಮುಗಿದ ಮೇಲೆ ಕಂಬವನ್ನು ಕಡಿದುಹಾಕುತ್ತಾರೆ.

ಮೊದಲ ಗುದ್ದಲಿ ಬೀಳುವ ಮುಂಚೆ ಹೆಂಡತಿ ನೆಲಕ್ಕೆ ನೀರು ಚಿಮುಕಿಸಿ, ಸಗಣಿಯ ಬೆನಕನನ್ನಿಟ್ಟು, ಅವನ ತಲೆಗೆ ಗರಿಕೆ ಸಿಕ್ಕಿಸಿದಳು. ಬೆನಕ ಕೂತ ಜಾಗವನ್ನೇ ಕಂಬಕ್ಕೆಂದು ಬಿಟ್ಟರು. ನಾಯಿ ಬಾಯಿ ಹಾಕಬಾರದೆಂದು ಅವಳು ದಿನವೂ ಬುತ್ತಿಯನ್ನು ಅದರ ಮೇಲೆ ಇಡುತ್ತಿದ್ದಳು. ಮೊದಮೊದಲು ಬಗ್ಗಿ ಇಟ್ಟಳು. ಆಮೇಲೆ ನಿಂತು ಇಟ್ಟಳು. ಆಮೇಲೆ ಕೈಯೆತ್ತಿ ಇಟ್ಟಳು. ಕೊನೆಗೆ ಅವಳಿಗೆ ಎಟುಕದೆ ಗಂಡ ಇಡತೊಡಗಿದ.

ಮಳೆಗಾಲದೊಳಗೆ ಕೆರೆ ಮುಗಿಯಬೇಕಿತ್ತು. ಒಬ್ಬರು ಉಣ್ಣುವಾಗ ಇನ್ನೊಬ್ಬರು ದುಡಿಯಬೇಕಿತ್ತು. ಒಂದು ದಿನ ಅವಳು ಕಂಬದ ತುದಿ ನೋಡಿ ನಕ್ಕಳು.

"ಕೆರಿ ಮುಗೀಲಿ. ಒಂದಿನ ಪುರುಸೊತ್ತು ಮಾಡ್ಕೊಂಡು ಇದರ ಮ್ಯಾಲೆ ಕುಂತು ಇಬ್ಬರೂ ಕೂಡಿ ಉಣ್ಣೂಣು."

ಅಷ್ಟು ಎತ್ತರ ಹತ್ತುವುದು ಹೇಗೆ ಎಂದು ಗಂಡ ಕೇಳಿದ. ಇಷ್ಟು ದಿನ ನಾನು ನಿನ್ನ ಮಣ್ಣು ಹೊತ್ತಿಲ್ಲವೇ, ಒಂದು ದಿನ ನೀನು ನನ್ನನ್ನು ಹೊತ್ತು ಹತ್ತು ಎಂದಳು. ಅವನು ಆಗಲಿ ಎಂದ.

ಆ ವಾರವೇ ಬದಿಯ ಮಣ್ಣು ಕುಸಿದು ಅವಳ ಮೇಲೆ ಬಿತ್ತು. ಅವನು ಗುದ್ದಲಿ ತಗಲೀತೆಂದು ಹೆದರಿ ಬರಿಗೈಯಲ್ಲಿ ತೋಡಿದ. ಜೀವಮಾನವೆಲ್ಲ ಅಗೆದವನಿಗೆ ಆ ಒಂದು ಅಗೆತಕ್ಕೆ ಕೈ ಸಾಲಲಿಲ್ಲ. ಹೊರಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಅವನು ಅಳಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದು ಉಳಿದ ಕೆಲಸ ಮುಗಿಸಿದ.

ಗೌಡ ಬಂದು ಅಳತೆ ಹಿಡಿದ. ಅವನು ಕೆಟ್ಟವನಲ್ಲ. ಅಳತೆ ಆಯಿತು, ಇನ್ನು ಕಂಬವನ್ನು ಕಡಿದುಬಿಡು, ನೋಡಿದಾಗೊಮ್ಮೆ ಯಾಕೆ ಸಂಕಟಪಡುತ್ತೀ ಎಂದು ಬುದ್ಧಿ ಹೇಳಿದ.

"ಸುತ್ತಿನ ನೆಲಾ ಎಲ್ಲಾ ನಾನ ಕಡದೇನ್ರಿ, ಗೌಡ್ರ. ಆಕಿ ನಿಂತಿದ್ದ ನೆಲ ಅಂದ್ರ ಈಗ ಅದೊಂದ."

ಗೌಡ ಕೂಲಿ ಎಣಿಸಿಕೊಟ್ಟು ಹೋದ. ಕಂಬ ಉಳಿಯಿತು.

ಮಳೆ ಬಂತು, ಕೆರೆ ತುಂಬಿತು, ಊರವರು ಬಾಗಿನ ಬಿಟ್ಟು ಉಂಡು ಹೋದರು. ಅವನಿಗೆ ಮತ್ತೆ ಗುದ್ದಲಿ ಹಿಡಿಯಲು ಕೈ ಏಳಲಿಲ್ಲ. ಆ ಊರಲ್ಲೇ ಉಳಿದು, ಯಾರದೋ ದನ ಕಾದುಕೊಂಡು, ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದ. ಈಗ ಅವನಿಗೆ ಬೇಕಾದಷ್ಟು ಪುರುಸೊತ್ತಿತ್ತು. ಅದನ್ನು ಹಂಚಿಕೊಳ್ಳುವವರು ಇರಲಿಲ್ಲ. ಬೇಸಿಗೆಯಲ್ಲಿ ಕೆರೆಯ ತಳ ಕಂಡಾಗ ಬುತ್ತಿ ಕಟ್ಟಿಕೊಂಡು ಇಳಿಯುತ್ತಿದ್ದ. ಕಂಬದ ಮೇಲೆ ಬುತ್ತಿ ಇಟ್ಟು, ಅದರ ನೆರಳಿನಲ್ಲಿ ಕೂತು, ಒಂದು ಪಾಲು ಉಂಡು ಒಂದು ಪಾಲು ಅಲ್ಲೇ ಬಿಟ್ಟು ಬರುತ್ತಿದ್ದ.

ನೀರಿನಲ್ಲಿ ನಿಂತ ಮಣ್ಣು ಎಷ್ಟು ದಿನ ಬಾಳೀತು? ಮಳೆಗಾಲ ಬಂದಂತೆಲ್ಲ ಕಂಬ ಕರಗಿತು. ಕೈಯೆತ್ತಿ ಇಡುತ್ತಿದ್ದ ಬುತ್ತಿಯನ್ನು ಅವನು ನಿಂತು ಇಟ್ಟ. ಆಮೇಲೆ ಬಗ್ಗಿ ಇಟ್ಟ. ಸುಲಭವಾಗಿ ಹತ್ತಿ ಕೂರುವಷ್ಟು ಅದು ಗಿಡ್ಡವಾದ ವರ್ಷವೂ ಅವನು ಒಬ್ಬನೇ ಅದರ ಮೇಲೆ ಕೂರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನು ಬಂದು ನೋಡಿದರೆ ಕೆರೆಯ ತಳ ಅಂಗಳದ ಹಾಗೆ ಸಮವಾಗಿತ್ತು. ಕಂಬ ಎಲ್ಲಿತ್ತು ಎಂಬ ಗುರುತೂ ಸಿಗಲಿಲ್ಲ. ಆಚೆ ಗುಂಡಿಯಲ್ಲಿ ಉಳಿದ ನೀರಿನಲ್ಲಿ ಎಮ್ಮೆ ಮೈತೊಳೆಯುತ್ತಿದ್ದವರನ್ನು ಕೇಳಿದ. ಇಲ್ಲಿ ಕಂಬವಿತ್ತೇ ಎಂದು ಅವರು ಅವನನ್ನೇ ಕೇಳಿದರು. ಅವನು ಬುತ್ತಿ ಹಿಡಿದುಕೊಂಡು ಅತ್ತ ನಾಲ್ಕು ಹೆಜ್ಜೆ ಹೋದ, ಇತ್ತ ನಾಲ್ಕು ಹೆಜ್ಜೆ ಬಂದ. ಎಲ್ಲಿ ಇಡಬೇಕೆಂದು ತೋಚಲಿಲ್ಲ. ಹೆಂಡತಿ ಸತ್ತ ದಿನ ಅಳದವನು ಅಂದು ನಿಂತಲ್ಲೇ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಆಮೇಲೆ ಅವನೇನಾದ ಎಂದು ಕಲ್ಲಿನಾಥ ಕೇಳಿದ. ಗುರುಗಳು ಕೈ ಚಾಚಿ ಅವನಿಂದ ಕನ್ನಡಕ ಇಸಿದುಕೊಂಡು, ಗಾಜನ್ನು ಶಾಲಿನ ಅಂಚಿನಿಂದ ಒರೆಸಿ, ಮತ್ತೆ ಅವನ ಜೋಳಿಗೆಗೇ ಹಾಕಿದರು.

"ಮಳಿ ಹೆಂಗೂ ಕರಗಸ್ತೈತಿ, ಮಾಸ್ತರ, ಬುತ್ತಿ ಇಡೂ ಜಾಗಾನ ನಿನ್ನ ಕೈಯಾರೆ ಕಡೀಬ್ಯಾಡ."